ಫೈಬರನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ, ಕೊನೆಯ ಅಂಗಡಿಗೆ ತಲುಪಿದ ಬೆಳಕಿನಲ್ಲಿ ಅಳೆಯಿರಿ

ಮಾನ್ಯ ಸಂಪಾದಕರೇ,

ಗ್ರಾಮ ಪಂಚಾಯಿತಿಗಳಿಗೆ ಇಂಟರ್‌ನೆಟ್ ತಲುಪಿಸಲು 2011ರಲ್ಲಿ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಎಂಬ ಹೆಸರಿನಲ್ಲಿ ಶುರುವಾಗಿ 2015ರಲ್ಲಿ ಭಾರತ್‌ನೆಟ್ ಎನಿಸಿಕೊಂಡ ಯೋಜನೆಯ ಕೇಬಲ್ ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಪಂಚಾಯಿತಿ ಕಚೇರಿಗಳ ಗೋಡೆಗೆ ಬಂದು ವರ್ಷಗಳೇ ಆದವು. ಆ ಗೋಡೆಯಿಂದ ಎದುರಿನ ಗೊಬ್ಬರದ ಅಂಗಡಿಗೆ, ಹಾಲಿನ ಡೇರಿಗೆ, ಕಾಫಿ ಖರೀದಿ ಮಾಡುವವರ ಗೋದಾಮಿಗೆ ಎಳೆ ದಾಟದ ಊರುಗಳು ಮಾತ್ರ ಇನ್ನೂ ಉಳಿದಿವೆ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ತಿದ್ದುಪಡಿ ಭಾರತ್‌ನೆಟ್‌ಗೆ 1,39,579 ಕೋಟಿ ರೂಪಾಯಿ ಇದೆ. ಹೊಸ ಕೇಬಲ್, ಹೊಸ ರೂಟರ್, ಪಂಚಾಯಿತಿಗಳನ್ನು ಸುತ್ತಿ ಬರುವ ಉಂಗುರದ ಜೋಡಣೆ, 10 ವರ್ಷದ ನಿರ್ವಹಣೆ ಎಲ್ಲವೂ ಅದರಲ್ಲಿ ಸೇರಿವೆ. ಈ ಸಲ ಕೆಲಸ ಮುಗಿಯಿತೆಂದು ಸಹಿ ಹಾಕುವವರು ಎಷ್ಟು ಕಿಲೋಮೀಟರ್ ಎಳೆದರು ಎಂದು ಕೇಳುವುದನ್ನು ಬಿಟ್ಟು, ಆ ಸಾಲಿನ ಕಟ್ಟಕಡೆಯ ಅಂಗಡಿಯಲ್ಲಿ ಬೆಳಕಿನ ಬಲ ಅಳೆಯುವ ಪವರ್ ಮೀಟರ್ ಎಷ್ಟು ತೋರಿಸಿತು, ತುಂಡಾದರೆ ಎಷ್ಟು ಗಂಟೆಯಲ್ಲಿ ಸರಿಯಾಯಿತು ಎಂದು ಕೇಳಬೇಕು. ಇದೊಂದೇ ನಮ್ಮ ಒತ್ತಾಯ.

ಬೆಳಕಿನ ಲೆಕ್ಕ ಕಷ್ಟವೇನಲ್ಲ. ಪಂಚಾಯಿತಿ ಸದಸ್ಯರು, ಅಂಗಡಿಯವರು, ತೋಟದವರು ಯಾರು ಬೇಕಾದರೂ ಹಾಕಬಹುದು. ತಾಲ್ಲೂಕು ಕೇಂದ್ರದ ಎಕ್ಸ್‌ಚೇಂಜಿನಲ್ಲಿ ಓಎಲ್‌ಟಿ ಎಂಬ ಪೆಟ್ಟಿಗೆ ಇರುತ್ತದೆ. ಅಲ್ಲಿಂದ ಹೊರಟ ಬೆಳಕು ದಾರಿಯಲ್ಲಿ ಸವೆಯುತ್ತಾ ಬಂದು ಅಂಗಡಿಯ ಮೋಡೆಮ್, ಅಂದರೆ ಓಎನ್‌ಟಿ ಮುಟ್ಟುತ್ತದೆ. ಸವೆತದ ಅಳತೆ ಡಿಬಿ. ಮೂರು ಡಿಬಿ ಹೋದರೆ ಬೆಳಕು ಅರ್ಧ ಹೋದಂತೆ. ಓಎಲ್‌ಟಿಯಲ್ಲಿ ಬೆಳಕು ಹೊಮ್ಮಿಸಲು ಸಾಮಾನ್ಯವಾಗಿ ಬಳಕೆಯಲ್ಲಿರುವ ಬಿ ಪ್ಲಸ್ ಮಾಡ್ಯೂಲಿಗೆ ಒಟ್ಟು 28 ಡಿಬಿ ಸವೆತ ತಡೆಯುವ ಶಕ್ತಿ ಇದೆ. ತಲುಪಿದ ಬೆಳಕಿನ ಬಲದ ಅಳತೆ ಡಿಬಿಎಂ, ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ಮೋಡೆಮ್‌ಗೆ ಮೈನಸ್ 27 ಡಿಬಿಎಂಗಿಂತ ಕಡಿಮೆ ಬೆಳಕು ಬಂದರೆ ಅದು ಹಿಡಿಯುವ ಖಾತ್ರಿ ಇಲ್ಲ.

ಮೂಡಿಗೆರೆಯಿಂದ ಬಣಕಲ್ ಕಡೆಗೆ ಕೇಬಲ್ ಉದ್ದದಲ್ಲಿ 14 ಕಿ.ಮೀ. ದೂರದ ಒಂದು ಹಳ್ಳಿ ಎಂದಿಟ್ಟುಕೊಳ್ಳಿ. ಗಾಜಿನ ಎಳೆಯಲ್ಲೇ ಕಿಲೋಮೀಟರಿಗೆ 0.35 ಡಿಬಿಯಂತೆ 4.9 ಹೋಯಿತು. ಒಂದು ಎಳೆಯನ್ನು 32 ಮನೆಗೆ ಹಂಚಲು ಮೊದಲು ಎಂಟಕ್ಕೆ ಒಡೆಯುವ ಸ್ಪ್ಲಿಟರ್, ಆಮೇಲೆ ನಾಲ್ಕಕ್ಕೆ ಒಡೆಯುವ ಸ್ಪ್ಲಿಟರ್ ಹಾಕಿದರೆ ಎರಡೂ ಸೇರಿ ಸುಮಾರು 17.8. ನಾಲ್ಕು ಕನೆಕ್ಟರ್‌ಗಳಿಗೆ ತಲಾ ಅರ್ಧದಂತೆ 2. ಕೇಬಲ್ ಸುತ್ತಿದ ಡ್ರಮ್ ಮುಗಿದಲ್ಲೆಲ್ಲ ಹಾಕುವ ಜಾಯಿಂಟ್, ಎರಡೂ ತುದಿಯ ಜಾಯಿಂಟ್ ಸೇರಿ ಹತ್ತು ಎಂದರೆ ತಲಾ 0.1ರಂತೆ 1. ಒಟ್ಟು 25.7. ಉಳಿದದ್ದು 2.3 ಡಿಬಿ ಮಾತ್ರ.

ಆ 2.3ರಲ್ಲೇ ಮುಂದಿನ ಎಲ್ಲ ಮಳೆಗಾಲಗಳೂ ಕಳೆಯಬೇಕು. ಒಂದು ಕಡೆ ಕೇಬಲ್ ತುಂಡಾದರೆ ಎರಡು ತುದಿಯನ್ನು ಎಳೆದು ನೇರ ಸೇರಿಸಲು ಆಗುವುದು ಅಪರೂಪ. ನಡುವೆ ಹೊಸ ತುಂಡು ಹಾಕಿ ಎರಡು ಜಾಯಿಂಟ್ ಮಾಡಬೇಕಾಗುತ್ತದೆ. ಶುದ್ಧವಾಗಿ ಮಾಡಿದರೆ ಎರಡೂ ಸೇರಿ 0.2ಕ್ಕೆ ಮುಗಿಯುತ್ತದೆ. ಮಳೆಯಲ್ಲಿ, ಗಾಳಿಯಲ್ಲಿ, ಟೆಂಟ್ ಇಲ್ಲದೆ ಅವಸರಕ್ಕೆ ಮಾಡಿದರೆ ಒಂದೊಂದಕ್ಕೆ ಅರ್ಧ ಡಿಬಿ ಹೋಗುವುದುಂಟು. ಅಂಥ ಮೂರು ರಿಪೇರಿ ಆಗುವಷ್ಟರಲ್ಲಿ ಕೊನೆಯ ಅಂಗಡಿಯ ಮೋಡೆಮ್ ಒಮ್ಮೆ ಹತ್ತಿ ಒಮ್ಮೆ ಆರಿ ಆಟವಾಡಲು ಶುರುಮಾಡುತ್ತದೆ. ‘ಮೋಡೆಮ್ ಹಾಳಾಗಿದೆ’ ಎಂದು ಬದಲಿಸುತ್ತಾರೆ, ಹೊಸದೂ ಹಾಗೇ ಮಾಡುತ್ತದೆ. ತಪ್ಪು ಮೋಡೆಮಿನದಲ್ಲ, ಉಳಿಕೆ ಇಲ್ಲದ ಲೆಕ್ಕದ್ದು. ಇಂಥ ಉದ್ದದ ಸಾಲುಗಳಿಗೆ 32 ಡಿಬಿ ತಡೆಯುವ ಸಿ ಪ್ಲಸ್ ಮಾಡ್ಯೂಲ್ ಹಾಕಬೇಕು. ಇಲ್ಲವೇ ಓಎಲ್‌ಟಿಯನ್ನೇ ಪಂಚಾಯಿತಿಗೆ ಅಥವಾ ಹೋಬಳಿಗೆ ತಂದು ಬೆಳಕಿನ ದಾರಿಯನ್ನು ಮೂರು ನಾಲ್ಕು ಕಿಲೋಮೀಟರಿಗೆ ಇಳಿಸಬೇಕು. ಎರಡನೆಯದೇ ಮಲೆನಾಡಿಗೆ ಸರಿ ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಅಲ್ಲಿ ಕರೆಂಟ್ ಬೇಕು, ಬ್ಯಾಟರಿ ಬೇಕು. ಅದನ್ನು ಮುಂದೆ ಹೇಳುತ್ತೇವೆ.

ವ್ಯಾಪಾರಕ್ಕೆ ಏನು ಬೇಕು ಎಂಬುದರಲ್ಲೂ ತಪ್ಪು ಎಣಿಕೆ ಇದೆ. ಜಾಹೀರಾತುಗಳೆಲ್ಲ ವೇಗದ ಬಗ್ಗೆ. ಹಳ್ಳಿಯ ವ್ಯಾಪಾರಕ್ಕೆ ಬೇಕಾದದ್ದು ತಪ್ಪದೆ ಸಿಗುವುದು. ಯುಪಿಐ ಪಾವತಿಗೆ ಬೇಕಾಗುವ ಡೇಟಾ ಕೆಲವೇ ಕಿಲೋಬೈಟ್. ಐವತ್ತು ಸಾವಿರ ರೂಪಾಯಿ ಮೀರಿದ ಸರಕು ಲಾರಿ ಹತ್ತುವ ಮುಂಚೆ ಇ-ವೇ ಬಿಲ್ ಆಗಬೇಕು, ಅದಕ್ಕೂ ದೊಡ್ಡ ವೇಗ ಬೇಡ. ಡೇರಿಯಲ್ಲಿ ಬೆಳಗ್ಗೆ ಹಾಲಿನ ಫ್ಯಾಟ್ ಅಳೆದ ಲೆಕ್ಕ ಹೋಗಬೇಕು, ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಹೊಂದಬೇಕು, ಗ್ರಾಮ ಒನ್ ಕೇಂದ್ರದಲ್ಲಿ ಅರ್ಜಿ ಅಪ್‌ಲೋಡ್ ಆಗಬೇಕು. ಯೂರೋಪಿಗೆ ಹೋಗುವ ಕಾಫಿ ಯಾವ ತೋಟದಲ್ಲಿ ಬೆಳೆದದ್ದೆಂದು ನಕ್ಷೆಯ ಗುರುತು ಕೊಡಬೇಕೆಂಬ ಅಲ್ಲಿನ ಅರಣ್ಯನಾಶ ತಡೆ ನಿಯಮ ಬಂದ ಮೇಲೆ ಸಣ್ಣ ಬೆಳೆಗಾರರಿಗೂ ಈ ಕೆಲಸ ಬಂದಿದೆ. ಇವೆಲ್ಲ ಸಣ್ಣ ಡೇಟಾ, ಆದರೆ ಹೊತ್ತಿಗೆ ಸರಿಯಾಗಿ ಆಗಬೇಕಾದ ಕೆಲಸ. ಶೇ 99ರಷ್ಟು ಹೊತ್ತು ಇಂಟರ್‌ನೆಟ್ ಇರುತ್ತದೆ ಎಂದರೆ ಕೇಳಲು ಚೆಂದ. ವರ್ಷಕ್ಕೆ ಮೂರೂವರೆ ದಿನಕ್ಕೂ ಹೆಚ್ಚು ಇರುವುದಿಲ್ಲ ಎಂದು ಅದರ ಅರ್ಥ. ಅದು ಡಿಸೆಂಬರಿನ ಕೊನೆಯ ವಾರದಲ್ಲೇ ಬಿದ್ದರೆ ಹೋಂಸ್ಟೇಯವರ ಗತಿ ಏನು? ಕಣಿವೆಯ ತೋಟದ ಮನೆಗಳಲ್ಲಿ ಮೊಬೈಲ್ ಸಿಗ್ನಲ್ಲೇ ಇರುವುದಿಲ್ಲ. ಅಲ್ಲಿ ಫೈಬರ್ ಇದ್ದರೆ ವೈಫೈ ಕಾಲಿಂಗ್‌ನಿಂದ ಫೋನೂ ಆಗುತ್ತದೆ, ಪಾವತಿಯೂ ಆಗುತ್ತದೆ. ಫೈಬರ್ ಹೋದರೆ ಎರಡೂ ಒಟ್ಟಿಗೆ ಹೋಗುತ್ತವೆ.

ವೇಗ ನಿಜವಾಗಿ ಬೇಕಾಗುವುದು ಮೇಲಕ್ಕೆ ಕಳಿಸುವಾಗ. ನಾಲ್ಕು ಸಿಸಿಟಿವಿ ಕ್ಯಾಮರಾಗಳ ದೃಶ್ಯ ತಲಾ 2 ಎಂಬಿಪಿಎಸ್‌ನಂತೆ ಇಪ್ಪತ್ತನಾಲ್ಕು ಗಂಟೆ ಕ್ಲೌಡ್‌ಗೆ ಹೋದರೆ ದಿನಕ್ಕೆ 86.4 ಜಿಬಿ, ತಿಂಗಳಿಗೆ 2,592 ಜಿಬಿ. ಪ್ಲಾನಿನ ಮಿತಿ ಅರ್ಧ ತಿಂಗಳಲ್ಲೇ ಮುಗಿಯಿತು ಎಂದು ದೂರುವವರು ಮೊದಲು ಇದನ್ನು ನೋಡಿಕೊಳ್ಳಬೇಕು. ರೆಕಾರ್ಡಿಂಗ್ ಪೆಟ್ಟಿಗೆಯನ್ನು ಮನೆಯಲ್ಲೇ ಇಟ್ಟು, ಬೇಕಾದಾಗ ಮಾತ್ರ ಫೋನಿನಲ್ಲಿ ನೋಡುವಂತೆ ಮಾಡಿಕೊಂಡರೆ ತೊಂದರೆ ಇಲ್ಲ.

ಇನ್ನು ಕೇಬಲ್ ಎಲ್ಲಿ, ಏಕೆ ಹಾಳಾಗುತ್ತದೆ ಎಂಬ ವಿಚಾರ. ಇಲಾಖೆಯ ಪದ್ಧತಿಯ ಪ್ರಕಾರ ನೆಲದಡಿಯ ಪೈಪು 165 ಸೆಂ.ಮೀ. ಆಳದಲ್ಲಿರಬೇಕು. ಘಟ್ಟದ ಕಡೆ ಎರಡು ಅಡಿಗೇ ಬಂಡೆ ಸಿಗುತ್ತದೆ. ಬಂಡೆ ಸಿಕ್ಕಲ್ಲಿ ಆಳ ಕಡಿಮೆ ಮಾಡಬಹುದು, ಆದರೆ ಮೇಲೆ ಕಬ್ಬಿಣದ ಪೈಪು ಅಥವಾ ಕಾಂಕ್ರೀಟ್ ರಕ್ಷಣೆ ಕೊಡಬೇಕು. ಆ ರಕ್ಷಣೆ ಇಲ್ಲದೆ ಮಣ್ಣು ಮುಚ್ಚಿ ಮುಂದೆ ಹೋದ ಜಾಗಗಳೇ ಮೇ ತಿಂಗಳಲ್ಲಿ ಚರಂಡಿ ಬಿಡಿಸಲು ಬಂದ ಜೆಸಿಬಿ ಹಲ್ಲಿಗೆ ಸಿಗುತ್ತವೆ. ಮನೆಮನೆಗೆ ನಲ್ಲಿ ನೀರಿನ ಪೈಪಿಗಾಗಿ ತೋಡಿದ ಕಾಲುವೆಗಳೂ ಎಷ್ಟೋ ಕಡೆ ಇದೇ ರಸ್ತೆ ಅಂಚಿನಲ್ಲಿವೆ. ಅಗೆಯುವ ಮುಂಚೆ ಕೇಬಲ್ ಇರುವವರಿಗೆ ತಿಳಿಸಲೆಂದೇ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಬಂದಿದೆ. ಲೋಕೋಪಯೋಗಿ ಇಲಾಖೆ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ ಕೆಲಸದ ಆದೇಶದಲ್ಲೇ ಇದನ್ನು ಶರತ್ತಾಗಿ ಬರೆಯಬೇಕು. ಜೆಸಿಬಿ ಚಾಲಕನಿಗೆ ಆ್ಯಪ್ ಗೊತ್ತಿರಬೇಕೆಂದು ಬಯಸುವುದು ಸರಿಯಲ್ಲ, ಕೆಲಸ ಕೊಟ್ಟವರು ಮಾಡಬೇಕಾದದ್ದು ಅದು.

ಮಲೆನಾಡಿನಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಮೇಲೆ ಎಳೆದ ಕೇಬಲ್. ಕಂಬ ಇಲ್ಲದ ಕಡೆ ಸಿಲ್ವರ್ ಓಕ್ ಮರದಿಂದ ಮರಕ್ಕೆ ಕಟ್ಟುತ್ತಾರೆ. ಮರ ಗಾಳಿಗೆ ತೂಗಿದಷ್ಟೂ ಕಟ್ಟಿದ ಜಾಗದಲ್ಲಿ ಕೇಬಲ್ ಉಜ್ಜಿ ಸವೆಯುತ್ತದೆ. ಮೆಣಸು ಕೊಯ್ಯುವ ಏಣಿ ತಾಗುತ್ತದೆ. ಮರಗಸಿಯ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಕಡಿಯುವ, ದಿನಗಳಲ್ಲಿ ಕೊಂಬೆ ನೇರ ಕೇಬಲ್ ಮೇಲೆಯೇ ಬೀಳುತ್ತದೆ. ಅಳಿಲು, ಇಲಿ ಕಡಿಯುವುದು ಬೇರೆ. ಮರಕ್ಕೆ ಕಟ್ಟಲೇಬೇಕಾದಲ್ಲಿ ಬಿಗಿಯಾಗಿ ಸುತ್ತದೆ ಕೊಕ್ಕೆಯಿಂದ ತೂಗುಬಿಡಬೇಕು, ನಾಲ್ಕಾರು ಮರಕ್ಕೊಮ್ಮೆ ಹತ್ತು ಮೀಟರಿನಷ್ಟು ಸುರುಳಿ ಉಳಿಸಬೇಕು. ಕೊಂಬೆ ಬಿದ್ದಾಗ ಆ ಸುರುಳಿ ಬಿಚ್ಚಿಕೊಂಡು ಕೇಬಲ್ ಉಳಿಯುತ್ತದೆ. ತುಂಡಾದರೂ ಹೊಸ ತುಂಡು ಸೇರಿಸದೆ ಒಂದೇ ಜಾಯಿಂಟಿಗೆ ಕೆಲಸ ಮುಗಿಯುತ್ತದೆ. ಕೊನೆಗೆ ಮನೆಯೊಳಗೆ ಬರುವ ತೆಳು ಎಳೆ, ಅಂದರೆ ಡ್ರಾಪ್ ಕೇಬಲ್, ಉಕ್ಕಿನ ತಂತಿಯದಾದರೆ ಗಟ್ಟಿ ಎಂದು ಅದನ್ನೇ ಕೇಳುವವರಿದ್ದಾರೆ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನಲ್ಲಿ ಅದೇ ತಂತಿ ಸಿಡಿಲನ್ನು ಮನೆಯೊಳಗೆ ತರುತ್ತದೆ. ಗಾಜು ವಿದ್ಯುತ್ ಹರಿಸುವುದಿಲ್ಲ, ಉಕ್ಕು ಹರಿಸುತ್ತದೆ. ತೋಟದ ಮನೆಗೆ ನಾರಿನ ಕಡ್ಡಿ ಇರುವ, ಲೋಹವೇ ಇಲ್ಲದ ಕೇಬಲ್ ಒಳ್ಳೆಯದು.

ಜಾಯಿಂಟ್ ಕ್ಲೋಷರ್ ಎಂಬ ಕಪ್ಪು ಡಬ್ಬಿಯನ್ನು ಕೇಬಲ್ ಒಳಹೋಗುವ ಬಾಯಿ ಕೆಳಗಿರುವಂತೆ ನೇತುಹಾಕಬೇಕು. ಬಾಯಿ ಮೇಲಾದರೆ ಜೂನ್ ಕಳೆಯುವಷ್ಟರಲ್ಲಿ ನೀರು ತುಂಬುತ್ತದೆ. ಆಗ ಕೇಬಲ್ ಪೂರ್ತಿ ಹೋಗುವುದಿಲ್ಲ, ಮಳೆ ಬಂದಾಗ ನಿಧಾನ, ಬಿಸಿಲು ಬಂದಾಗ ಸರಿ. ಮಳೆಗೆ ನೆಟ್ ನಿಧಾನವಾಗುವುದು ಸಹಜ ಎಂದು ಜನ ಒಪ್ಪಿಕೊಂಡುಬಿಟ್ಟಿದ್ದಾರೆ. ಸಹಜವಲ್ಲ. ಫೈಬರಿಗೆ ಮಳೆಯ ಹಂಗಿಲ್ಲ, ಎಲ್ಲೋ ಒಂದು ಡಬ್ಬಿಯಲ್ಲಿ ನೀರಿದೆ ಎಂದೇ ಅರ್ಥ.

ಅರಸೀಕೆರೆ, ಕಡೂರು, ತರೀಕೆರೆಯ ಬಯಲು ಸೀಮೆಯಲ್ಲಿ ಮರದ ಕಾಟ ಕಡಿಮೆ, ನೆಲ ಸುಲಭ. ಅಲ್ಲಿ ಪೈಪಿನೊಳಗೆ ಸೇರುವ ಇಲಿ ಮತ್ತು ರಸ್ತೆ ಅಗಲ ಮಾಡುವ ಕೆಲಸ ಇವೆರಡನ್ನು ನೋಡಿಕೊಂಡರೆ ತೆಂಗು, ಕೊಬ್ಬರಿ, ನಾರಿನ ಘಟಕಗಳಿಗೆ ಒಳ್ಳೆಯ ಸೇವೆ ಕೊಡಬಹುದು.

ಒಂದು ಜಾಯಿಂಟ್ ಹೇಗೆ ಆಗುತ್ತದೆ ಎಂದು ಹತ್ತಿರದಿಂದ ನೋಡಿದರೆ ನಿರ್ವಹಣೆಗೆ ಜನ, ಸಾಮಾನು ಏಕೆ ಬೇಕು ಎಂಬುದು ತಿಳಿಯುತ್ತದೆ. ಮೇಲಿನ ಬಣ್ಣದ ಪದರ ಸೇರಿ ಎಳೆಯ ದಪ್ಪ 250 ಮೈಕ್ರಾನ್. ಆ ಪದರ ಹೆರೆದರೆ 125 ಮೈಕ್ರಾನಿನ ಗಾಜು. ಅದರ ನಡುವೆ ಬೆಳಕು ಓಡುವ ತಿರುಳು ಬರೀ 9 ಮೈಕ್ರಾನ್, ತಲೆಗೂದಲಿನ ದಪ್ಪದಲ್ಲಿ ಒಂದು ಸಣ್ಣ ಪಾಲು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಕ್ಲೀವರಿನಲ್ಲಿ ನೇರಕ್ಕೆ ಮುರಿದು, ಎರಡು ತುದಿಗಳನ್ನು ಸ್ಪ್ಲೈಸಿಂಗ್ ಯಂತ್ರದೊಳಗೆ ಎದುರುಬದುರಾಗಿ ಇಟ್ಟರೆ ವಿದ್ಯುತ್ ಕಿಡಿ ಅವೆರಡನ್ನೂ ಕರಗಿಸಿ ಬೆಸೆಯುತ್ತದೆ. ಬೆಸೆದ ಜಾಗಕ್ಕೆ 60 ಮಿ.ಮೀ. ಉದ್ದದ ರಕ್ಷಣೆಯ ಕೊಳವೆ, ಅಂದರೆ ಸ್ಲೀವ್, ಸರಿಸಿ ಕಾಯಿಸಬೇಕು. ಸ್ಲೀವನ್ನು ಬೆಸೆಯುವ ಮೊದಲೇ ಎಳೆಗೆ ಪೋಣಿಸಿರಬೇಕು, ಮರೆತರೆ ಮತ್ತೆ ಮುರಿದು ಮೊದಲಿನಿಂದ ಮಾಡಬೇಕು. ಒಂದು ಧೂಳಿನ ಕಣ, ಒಂದು ಹನಿ, ಗಾಳಿಗೆ ಅಲುಗಿದ ಕಿಡಿ ಇಷ್ಟು ಸಾಕು, ಜಾಯಿಂಟ್ ಕೆಡುತ್ತದೆ. 24 ಎಳೆಯ ಕೇಬಲ್ ಒಂದು ಕಡೆ ತುಂಡಾದರೆ ಎರಡು ಡಬ್ಬಿ, 48 ಬೆಸುಗೆ. ಟೆಂಟು, ಟೇಬಲ್, ಚಾರ್ಜ್ ಆದ ಬ್ಯಾಟರಿ, ಇಬ್ಬರು ನುರಿತವರು ಇದ್ದರೂ ಅರ್ಧ ದಿನದ ಕೆಲಸ.

ತುಂಡಾದ ಜಾಗ ಹುಡುಕುವುದೂ ಸುಲಭವಲ್ಲ. ಓಟಿಡಿಆರ್ ಯಂತ್ರ ಬೆಳಕು ಎಲ್ಲಿಂದ ಹಿಂದಿರುಗಿತೆಂದು ನೋಡಿ 6.42 ಕಿ.ಮೀ. ಎನ್ನುತ್ತದೆ. ಅದು ಗಾಜಿನ ಉದ್ದ, ರಸ್ತೆಯ ಉದ್ದವಲ್ಲ. ಪ್ರತಿ ಜಾಯಿಂಟಿನಲ್ಲಿ ಹತ್ತು ಹದಿನೈದು ಮೀಟರ್ ಸುರುಳಿ, ತಿರುವುಗಳಲ್ಲಿ ಹೆಚ್ಚಿನ ಎಳೆ ಎಲ್ಲ ಸೇರಿ ರಸ್ತೆಯಲ್ಲಿ ಆ ಜಾಗ 6.1 ಕಿ.ಮೀ.ಯಲ್ಲೇ ಇರಬಹುದು. ಮುನ್ನೂರು ಮೀಟರ್ ವ್ಯತ್ಯಾಸ ಎಂದರೆ ಕಾಫಿ ತೋಟದೊಳಗೆ ಅರ್ಧ ದಿನದ ಹುಡುಕಾಟ. ಕಾಡಾನೆ ಓಡಾಡುವ ಆಲೂರು, ಸಕಲೇಶಪುರದ ಅಂಚುಗಳಲ್ಲಿ ಕತ್ತಲಾದ ಮೇಲೆ ಆ ಹುಡುಕಾಟಕ್ಕೆ ಯಾರನ್ನೂ ಕಳಿಸಬಾರದು. ಪ್ರತಿ ಜಾಯಿಂಟಿನ ಜಿಪಿಎಸ್ ಗುರುತು, ಅಲ್ಲಿಗೆ ಓಟಿಡಿಆರ್ ತೋರಿಸುವ ದೂರ ಎರಡನ್ನೂ ಬರೆದ ನಕ್ಷೆ ಕೈಯಲ್ಲಿದ್ದರೆ ಇದೇ ಕೆಲಸ ಒಂದು ಗಂಟೆಯದು. ಆ ನಕ್ಷೆಯನ್ನು ಗುತ್ತಿಗೆದಾರರು ತಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಂಡರೆ ಊರಿಗೆ ಉಪಯೋಗವಿಲ್ಲ. ಬಿಲ್ ಪಾವತಿಗೆ ಮುಂಚೆ ಅದರ ಪ್ರತಿ ಪಂಚಾಯಿತಿ ಕಚೇರಿಗೆ ಬರಬೇಕು.

ಹೀಗಾಗಿ ಪ್ರತಿ ಹೋಬಳಿಗೂ ಒಂದು ಸಾಮಾನು ಕೋಣೆ ಬೇಕು. ಒಂದು ಸ್ಪ್ಲೈಸಿಂಗ್ ಯಂತ್ರ, ಬದಲಿ ಎಲೆಕ್ಟ್ರೋಡ್, ಒಂದು ಓಟಿಡಿಆರ್, ಎರಡು ಪವರ್ ಮೀಟರ್, 500 ಮೀಟರ್ 24 ಎಳೆಯ ಕೇಬಲ್, ಒಂದು ಕಿ.ಮೀ. ಡ್ರಾಪ್ ಕೇಬಲ್, ನಾಲ್ಕು ಕ್ಲೋಷರ್, ಇನ್ನೂರು ಸ್ಲೀವ್, ಒಂದು ಟೆಂಟು. ಯಂತ್ರ ಜಿಲ್ಲಾ ಕೇಂದ್ರದಲ್ಲಿದ್ದು, ಹೆತ್ತೂರಿನ ತುಂಡಿಗೆ ಹಾಸನದಿಂದ ಬರಬೇಕಾದರೆ ಮಳೆಗಾಲದಲ್ಲಿ ಆ ದಿನ ಮುಗಿದೇ ಹೋಯಿತು. ಕೆಲಸಕ್ಕೆ ಹೋಬಳಿಯ ಹುಡುಗರನ್ನೇ ತೆಗೆದುಕೊಂಡು ಕಲಿಸಬೇಕು. ಟಿವಿ ಕೇಬಲ್ ಎಳೆದು ಅನುಭವ ಇರುವವರು ಎಲ್ಲ ಕಡೆ ಇದ್ದಾರೆ, ತೋಟದ ದಾರಿ, ಬೇಲಿ, ಗೇಟು, ಯಾರನ್ನು ಕೇಳಬೇಕು ಎಂಬುದೆಲ್ಲ ಅವರಿಗೆ ಗೊತ್ತು. ಮನೆ ಸಂಪರ್ಕಕ್ಕೆ ಸ್ಥಳೀಯ ಉದ್ಯಮಿಗಳನ್ನು ಸೇರಿಸಿಕೊಳ್ಳುವ ವ್ಯವಸ್ಥೆ ಭಾರತ್‌ನೆಟ್‌ನಲ್ಲಿ ಈಗಾಗಲೇ ಇದೆ. ಅವರ ಪಾಲು ಹೊಸ ಸಂಪರ್ಕದ ಲೆಕ್ಕಕ್ಕೆ ಮಾತ್ರ ಅಂಟಿಕೊಂಡಿರಬಾರದು, ರಿಪೇರಿಯ ಹೊತ್ತಿಗೂ ಹಣ ಸಿಗಬೇಕು. ಇಲ್ಲದಿದ್ದರೆ ಹೊಸ ಮನೆಗೆ ಕೇಬಲ್ ಎಳೆಯಲು ಎಲ್ಲರೂ ಇರುತ್ತಾರೆ, ಹಳೆಯ ಮನೆಯ ದೂರಿಗೆ ಯಾರೂ ಇರುವುದಿಲ್ಲ.

ಉಂಗುರದ ಬಗ್ಗೆ ಒಂದು ಎಚ್ಚರಿಕೆ. ಎರಡು ದಾರಿಯಿಂದ ಬೆಳಕು ಬರುವಂತಿದ್ದರೆ ಒಂದು ತುಂಡಾದರೂ ಇನ್ನೊಂದರಿಂದ ಸೇವೆ ನಡೆಯುತ್ತದೆ, ಅದು ಒಳ್ಳೆಯ ಯೋಜನೆ. ಆದರೆ ಒಂದೇ ರಸ್ತೆಯ ಎಡಕ್ಕೊಂದು ಬಲಕ್ಕೊಂದು ಕೇಬಲ್ ಹಾಕಿ ಉಂಗುರ ಎಂದರೆ ಅದು ಕಾಗದದ ಉಂಗುರ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದಾಗ ರಸ್ತೆಯೇ ಹೋಗಿತ್ತು. ಎಡ, ಬಲ ಎರಡೂ ಒಂದೇ ಗತಿ ಕಾಣುತ್ತವೆ. ಕಳಸಕ್ಕೆ ಕೊಟ್ಟಿಗೆಹಾರದ ಕಡೆಯಿಂದ ಒಂದು ತೋಳು ಬಂದರೆ ಇನ್ನೊಂದು ಬಾಳೆಹೊನ್ನೂರಿನ ಕಡೆಯಿಂದ ಬರಲಿ. ಹೆತ್ತೂರು, ಯಸಳೂರಿಗೆ ಒಂದು ತೋಳು ಸಕಲೇಶಪುರದಿಂದ, ಇನ್ನೊಂದು ಶನಿವಾರಸಂತೆಯಿಂದ. ಶನಿವಾರಸಂತೆ ಕೊಡಗು ಜಿಲ್ಲೆಗೆ ಸೇರುತ್ತದೆ, ಅದಕ್ಕೆ ಬೇರೆ ಕಡತ ಬೇಕು ಎಂದು ಕೈಬಿಡಬಾರದು. ಮಣ್ಣು ಕುಸಿಯುವಾಗ ಜಿಲ್ಲೆಯ ಗಡಿ ನೋಡುವುದಿಲ್ಲ.

ಪಂಚಾಯಿತಿಯಿಂದ ತಾಲ್ಲೂಕಿಗೆ ಹೋಗುವ ದಾರಿಯ ಅಗಲವನ್ನೂ ಕೇಳಬೇಕು. ಒಂದು ಎಳೆಯನ್ನು ಸ್ಪ್ಲಿಟರ್‌ನಿಂದ ಹಲವು ಮನೆಗೆ ಹಂಚುವ ಈ ಪದ್ಧತಿಯ ಹೆಸರು ಜಿಪಾನ್. ಅದರ ಸಾಲೊಂದು ಸೆಕೆಂಡಿಗೆ ಕೆಳಕ್ಕೆ 2.488 ಗಿಗಾಬಿಟ್, ಮೇಲಕ್ಕೆ 1.244 ಗಿಗಾಬಿಟ್ ಸಾಗಿಸುತ್ತದೆ. ಮೂವತ್ತೆರಡು ಮನೆಯವರು ಒಂದೇ ಕ್ಷಣ ಬಳಸಿದರೂ ಕೆಳಕ್ಕೆ ತಲಾ 70 ಎಂಬಿಪಿಎಸ್ ದಾಟುತ್ತದೆ. ಆದರೆ ಪಂಚಾಯಿತಿಗೆ ಸಿಗುವುದು ಹಳೆಯ 100 ಎಂಬಿಪಿಎಸ್ ಮಾತ್ರವಾದರೆ, ಅರವತ್ತು ಸಂಪರ್ಕ ಕೊಟ್ಟ ಊರಿನಲ್ಲಿ ರಾತ್ರಿ ಎಂಟಕ್ಕೆ ಎಲ್ಲರಿಗೂ ನಿಂತುಹೋಗುತ್ತದೆ.

ಕರೆಂಟಿನ ವಿಷಯ. ಜುಲೈನಲ್ಲಿ ಘಟ್ಟದ ಊರುಗಳಿಗೆ ಎರಡು ಮೂರು ದಿನ ಕರೆಂಟ್ ಇಲ್ಲದಿರುವುದು ಹೊಸತಲ್ಲ. ಅಂಗಡಿಯ ಮೋಡೆಮ್ 12 ವೋಲ್ಟಿನದು, ಸುಮಾರು 10 ವಾಟ್ ತಿನ್ನುತ್ತದೆ. 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ ಆರು ಗಂಟೆ ದಾಟಿಸುತ್ತದೆ. ದೊಡ್ಡ ಯುಪಿಎಸ್‌ನಲ್ಲಿ 230 ವೋಲ್ಟಿಗೆ ಏರಿಸಿ ಮತ್ತೆ 12ಕ್ಕೆ ಇಳಿಸುವುದಕ್ಕಿಂತ ನೇರ 12 ವೋಲ್ಟಿನ ಸಣ್ಣ ಯುಪಿಎಸ್ ಲಾಭ. ಆದರೆ ಪಂಚಾಯಿತಿಯ ಅಥವಾ ಹೋಬಳಿಯ ಪೆಟ್ಟಿಗೆಯ ಬ್ಯಾಟರಿ ಸತ್ತಿದ್ದರೆ ಅಂಗಡಿಯವರ ಬ್ಯಾಟರಿ ಇದ್ದೂ ಇಲ್ಲದಂತೆ. ಓಎಲ್‌ಟಿ ಇಡುವ ಪ್ರತಿ ಕಡೆಯೂ ಮಳೆಗಾಲಕ್ಕೆ ಮುಂಚೆ, ಮೇ ಕೊನೆಯಲ್ಲಿ, ಮೇನ್ ಆಫ್ ಮಾಡಿ ಬ್ಯಾಟರಿ ಎಷ್ಟು ಹೊತ್ತು ಎಳೆಯುತ್ತದೆಂದು ನೋಡಿ ಕಚೇರಿಯ ಫಲಕದಲ್ಲಿ ಬರೆಯಬೇಕು. ಬಿಸಿಲು ಕಾಣದ ಜುಲೈನಲ್ಲಿ ಸೌರ ಫಲಕ ಒಂದನ್ನೇ ನಂಬಿದರೆ ಆಗದು.

ಒಂಟಿ ತೋಟದ ಮನೆಗಳಿಗೆ ಬೇರೆ ದಾರಿ. ಊರೊಳಗೆ ನೂರು ಮೀಟರ್ ಡ್ರಾಪ್ ಸಾಕು, ತೋಟಕ್ಕೆ ಒಂದೂವರೆ ಕಿಲೋಮೀಟರ್ ಬೇಕು. ಒಬ್ಬೊಬ್ಬರೂ ಬೇರೆಬೇರೆ ಎಳೆಸಿಕೊಂಡು ಒಂದೇ ದಾರಿಯಲ್ಲಿ ಐದು ತೆಳು ಕೇಬಲ್ ತೂಗುವುದಕ್ಕಿಂತ, ಐದು ಮನೆಯವರು ಸೇರಿ ಒಂದು ಆರೆಳೆಯ ಗಟ್ಟಿ ಕೇಬಲನ್ನು ಹಂಚಿಕೆಯ ಜಾಗದವರೆಗೆ ತಂದು ಅಲ್ಲಿಂದ ಒಡೆದುಕೊಂಡರೆ ಖರ್ಚೂ ಕಡಿಮೆ, ತುಂಡಾಗುವುದೂ ಕಡಿಮೆ. ಮನೆಗಳು ಕಣಿವೆಯುದ್ದಕ್ಕೆ ಸಾಲಾಗಿದ್ದರೆ ನೂರರಲ್ಲಿ ಹತ್ತು ಪಾಲು ಬೆಳಕನ್ನು ಮನೆಗೆ ಕೊಟ್ಟು ತೊಂಬತ್ತನ್ನು ಮುಂದಕ್ಕೆ ಬಿಡುವ ಹತ್ತು-ತೊಂಬತ್ತರ ಕಪ್ಲರ್ ಹಾಕುತ್ತಾ ಹೋಗಬಹುದು. ಅದರಲ್ಲಿ ಮೇಲಿನ ಮನೆಯ ಹತ್ತಿರ ತುಂಡಾದರೆ ಕೆಳಗಿನ ಎಲ್ಲರಿಗೂ ಹೋಗುತ್ತದೆ ಎಂಬುದನ್ನು ತಿಳಿದೇ ಹಾಕಬೇಕು. ಗುಡ್ಡದಿಂದ ಗುಡ್ಡಕ್ಕೆ ಪರವಾನಗಿ ಬೇಡದ 5 ಗಿಗಾಹರ್ಟ್ಸ್ ರೇಡಿಯೊ ಕೂಡ ಆಗುತ್ತದೆ, ಎರಡು ತುದಿ ಪರಸ್ಪರ ಕಣ್ಣಿಗೆ ಕಾಣಬೇಕಷ್ಟೆ. ಇಂದು ಕಂಡದ್ದು ನಾಲ್ಕು ವರ್ಷದಲ್ಲಿ ಸಿಲ್ವರ್ ಓಕ್ ಬೆಳೆದು ಮುಚ್ಚಬಹುದು, ನೆನೆದ ಎಲೆ ಸಿಗ್ನಲ್ಲನ್ನು ನುಂಗುತ್ತದೆ.

ಕೇಬಲ್ ಎಳೆಯಲು ಅನುಮತಿ ಕೊಡುವ ಹೊಸ ಮಾರ್ಗಾಧಿಕಾರ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ಹಾಸನದ ಚೆಸ್ಕಾಂ, ಚಿಕ್ಕಮಗಳೂರಿನ ಮೆಸ್ಕಾಂ ಕಂಬಗಳನ್ನು ಬಳಸಲು ಎರಡೂ ಜಿಲ್ಲಾಡಳಿತಗಳು ಒಂದೇ ಕ್ರಮ ಗೊತ್ತುಮಾಡಿದರೆ ಬೇಲೂರು, ಮೂಡಿಗೆರೆಯ ಗಡಿಯ ಊರುಗಳಿಗೆ ಎರಡು ಬಾರಿ ಅಲೆಯುವುದು ತಪ್ಪುತ್ತದೆ.

ಕೆಲಸ ಒಪ್ಪಿಸಿಕೊಳ್ಳುವ ಪರೀಕ್ಷೆಯನ್ನು ಮಾರ್ಚ್‌ನಲ್ಲಿ ಮಾಡಬೇಡಿ, ಜುಲೈನಲ್ಲಿ ಮಾಡಿ. ಕೊನೆಯ ಅಂಗಡಿಯಲ್ಲಿ ಮೀಟರ್ ಮೈನಸ್ 24ಕ್ಕಿಂತ ಕೆಳಗಿಳಿದಿದ್ದರೆ ಸಹಿ ಹಾಕಬೇಡಿ. ಮುಂದಿನ ರಿಪೇರಿಗಳಿಗೆ 3 ಡಿಬಿ ಉಳಿಕೆ ಬೇಕೇ ಬೇಕು.

ಈಗಾಗಲೇ ಸಂಪರ್ಕ ಇರುವ ಅಂಗಡಿ, ಹೋಂಸ್ಟೇಯವರಿಗೆ ಒಂದು ಮಾತು. ದೂರು ಕೊಡುವಾಗ ‘ನೆಟ್ ಇಲ್ಲ’ ಎಂದಷ್ಟೇ ಹೇಳಬೇಡಿ, ಮೋಡೆಮಿನ ದೀಪ ನೋಡಿ ಹೇಳಿ. ಎಲ್‌ಒಎಸ್ ದೀಪ ಕೆಂಪಗೆ ಮಿನುಗುತ್ತಿದ್ದರೆ ಬೆಳಕು ಬರುತ್ತಿಲ್ಲ, ಕೇಬಲ್ ಹುಡುಕಲು ಯಂತ್ರ ಹೊತ್ತೇ ಬರಬೇಕು. ಪಾನ್ ದೀಪ ಹಸಿರಾಗಿ ನಿಂತಿದ್ದೂ ಇಂಟರ್‌ನೆಟ್ ಇಲ್ಲದಿದ್ದರೆ ಕೇಬಲ್ ಸರಿಯಿದೆ, ತೊಂದರೆ ಎಕ್ಸ್‌ಚೇಂಜಿನದು ಅಥವಾ ಖಾತೆಯದು. ಪಾನ್ ದೀಪವೂ ಮಿನುಗುತ್ತಿದ್ದರೆ ಬೆಳಕು ಕ್ಷೀಣವಾಗಿರಬಹುದು, ಮೊದಲು ಕೇಬಲ್ ಬಾಗಿಲ ಸಂದಿಯಲ್ಲಿ ಸಿಕ್ಕಿ ಮಡಚಿದೆಯೇ ನೋಡಿ. ಹಸಿರು ಕನೆಕ್ಟರನ್ನು ನೀಲಿ ಸಾಕೆಟ್ಟಿಗೆ ಸಿಕ್ಕಿಸಬೇಡಿ, ಎರಡರ ತುದಿಯ ಕೋನ ಬೇರೆ, ಸೇರಿದಂತೆ ಕಂಡರೂ ಬೆಳಕು ಸೋರುತ್ತದೆ. ಬಿಚ್ಚಿದ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ, ಆ ಬೆಳಕು ಕಾಣುವುದಿಲ್ಲ. ಮರಗಸಿಗೆ ಆಳು ಬರುವ ದಿನ ಮೊದಲೇ ಗೊತ್ತಿದ್ದರೆ ಹಿಂದಿನ ದಿನ ಫೋನ್ ಮಾಡಿ. ಅರ್ಧ ಗಂಟೆಯಲ್ಲಿ ಕೇಬಲ್ ಇಳಿಸಿ ನೆಲದ ಮೇಲೆ ಇಟ್ಟು, ಕಸಿ ಮುಗಿದ ಮೇಲೆ ಮತ್ತೆ ಏರಿಸಬಹುದು.

ಇತಿ,
ಫೈಬರ್ ಜೋಡಣೆ ಮತ್ತು ನಿರ್ವಹಣೆ ಕೆಲಸದಲ್ಲಿರುವವರು,
ಸಕಲೇಶಪುರ ಮತ್ತು ಮೂಡಿಗೆರೆ